ಚಳಿಗಾಲದಲ್ಲಿ ಚಿಂಕ್ವೆ ತೆರ್ರೆ, ರೈಲಿನಲ್ಲಿ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಲಿಗೂರಿಯಾ ಕರಾವಳಿಯ ಐದು ಊರುಗಳಿಗೆ ನವೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ ಹೋಗುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇಸಿಗೆಗೆಂದು ಬರೆದ ಮಾಹಿತಿಯನ್ನು ನಂಬಿ ಚಳಿಗಾಲದಲ್ಲಿ ಹೋದವರು ಸಾಮಾನ್ಯವಾಗಿ ಎಡವುವುದು ಮೂರು ಕಡೆ: ರೈಲಿನ ಸಮಯ, ಕತ್ತಲಾಗುವ ಹೊತ್ತು, ಮಧ್ಯಾಹ್ನದ ಊಟ.

### ಹೊರಡುವ ಮೊದಲು

ಚಿಂಕ್ವೆ ತೆರ್ರೆ ಅಂದ್ರೆ ಒಂದು ಊರಾ, ಐದು ಊರಾ?

ಐದು. ಹೆಸರಿನ ಅರ್ಥವೇ 'ಐದು ನೆಲ'. ಪಶ್ಚಿಮದಿಂದ ಪೂರ್ವಕ್ಕೆ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮನಾರೊಲಾ, ರಿಯೊಮಜ್ಜೊರೆ. ಇವುಗಳ ಒಂದು ತುದಿಯಲ್ಲಿ ಲೆವಾಂತೊ, ಇನ್ನೊಂದು ತುದಿಯಲ್ಲಿ ಲಾ ಸ್ಪೆತ್ಸಿಯಾ ಪಟ್ಟಣ. ಜೆನೋವಾದಿಂದ ಲಾ ಸ್ಪೆತ್ಸಿಯಾಕ್ಕೆ 1874ರಲ್ಲಿ ಪೂರ್ತಿಯಾದ ರೈಲು ಮಾರ್ಗ ಈ ಐದೂ ಊರುಗಳನ್ನು ಸುರಂಗಗಳ ಮೂಲಕ ಪೋಣಿಸಿದೆ. ಪಕ್ಕದ ಊರಿಗೆ ರೈಲಿನಲ್ಲಿ ಎರಡರಿಂದ ಐದು ನಿಮಿಷ. ಆ ತುದಿಯಿಂದ ಈ ತುದಿಗೆ ಅರ್ಧ ಗಂಟೆಯ ಆಸುಪಾಸು. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ನವೆಂಬರ್ ಆದ್ಮೇಲೆ ಎಲ್ಲಾ ಬಾಗಿಲು ಹಾಕಿರ್ತಾರಂತೆ. ಹೋಗಿ ಏನು ನೋಡೋದು?

ಅಂಗಡಿ, ಹೋಟೆಲುಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ, ನಿಜ. ದೋಣಿಗಳೂ ಮಾರ್ಚ್ ಕೊನೆಯವರೆಗೆ ಓಡುವುದಿಲ್ಲ. ಆದರೆ ಊರು ಮುಚ್ಚಿರುವುದಿಲ್ಲ. ಬೇಸಿಗೆಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲದ ವೆರ್ನಾತ್ಸಾದ ಬಂದರಿನಲ್ಲಿ ಜನವರಿಯ ಬೆಳಗ್ಗೆ ದೋಣಿಗಳನ್ನು ಅಂಗಳಕ್ಕೆ ಎಳೆದು ಮಗುಚಿ ಹಾಕಿರುತ್ತಾರೆ, ಅಜ್ಜಂದಿರು ಬಿಸಿಲು ಬೀಳುವ ಗೋಡೆಗೆ ಒರಗಿ ಕೂತಿರುತ್ತಾರೆ. ಬೇಸಿಗೆಯಲ್ಲಿ ಪ್ರವಾಸಿಗರ ಹಿಂದೆ ಮರೆಯಾಗುವ ಊರಿನ ದಿನಚರಿ ಈಗ ಎದುರಿಗೇ ಇರುತ್ತದೆ. ಅದನ್ನು ನೋಡಬೇಕೆನ್ನುವವರಿಗೆ ಇದೇ ಸರಿಯಾದ ಕಾಲ. ಈಜು, ದೋಣಿ ಸವಾರಿ, ರಾತ್ರಿಯ ಗದ್ದಲ ಬೇಕೆನ್ನುವವರು ಜೂನ್‌ಗೆ ಹೋಗಲಿ.

ಯಾವ ತಿಂಗಳು ಒಳ್ಳೇದು? ಚಳಿ ತಡೆಯಕ್ಕಾಗುತ್ತಾ?

ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗಿನ ದಿನಗಳೇ ನಮ್ಮ ಆಯ್ಕೆ. ಹಗಲು ಉದ್ದವಾಗಿರುತ್ತದೆ, ಜನ ಇನ್ನೂ ಬಂದಿರುವುದಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮಳೆ ಜೋರು. 2011ರ ಅಕ್ಟೋಬರ್ 25ರಂದು ಒಂದೇ ದಿನದ ಮಳೆಗೆ ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಕೆಸರಿನಲ್ಲಿ ಹೂತುಹೋಗಿದ್ದವು.

ಚಳಿಗೆ ಹೆದರಬೇಕಿಲ್ಲ. ಜನವರಿಯಲ್ಲೂ ಮಧ್ಯಾಹ್ನ 11, 12 ಡಿಗ್ರಿ ಇರುತ್ತದೆ, ರಾತ್ರಿ 5ರ ಆಸುಪಾಸಿಗೆ ಇಳಿಯುತ್ತದೆ. ಕಾಡುವುದು ಗಾಳಿ. ಉತ್ತರದಿಂದ ಬೀಸುವ ತ್ರಮೊಂತಾನಾ ಒಣಗಾಳಿ ಬಂದ ದಿನ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಕಿವಿ ಮಾತ್ರ ಮರಗಟ್ಟುತ್ತದೆ. ಒಂದು ದಪ್ಪ ಕೋಟಿಗಿಂತ ಬನಿಯನ್, ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಹೀಗೆ ಮೂರು ಪದರ ಹಾಕಿಕೊಳ್ಳಿ. ಮೆಟ್ಟಿಲು ಹತ್ತುವಾಗ ಬೆವರುತ್ತೀರಿ, ಪ್ಲಾಟ್‌ಫಾರ್ಮ್‌ನಲ್ಲಿ ರೈಲು ಕಾಯುವಾಗ ನಡುಗುತ್ತೀರಿ.

ಒಂದೇ ದಿನಕ್ಕೆ ಐದೂ ಊರು ಮುಗಿಸಬಹುದಾ?

ಬೇಸಿಗೆಯಲ್ಲಿ ಸಾಧ್ಯ, ಚಳಿಗಾಲದಲ್ಲಿ ಬೇಡ. ಸೀಸನ್‌ನಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ರೈಲು ಇರುತ್ತದೆ. ಚಳಿಗಾಲದಲ್ಲಿ ಅದು ಹೆಚ್ಚೂಕಮ್ಮಿ ಗಂಟೆಗೊಂದಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಊರಿನಲ್ಲೂ ಒಂದು ಗಂಟೆ ಅಥವಾ ಎರಡು ಗಂಟೆ, ಹೀಗೆ ಇಡಿ ಗಂಟೆಗಳ ಲೆಕ್ಕದಲ್ಲೇ ಇರಬೇಕಾಗುತ್ತದೆ. ಒಂದೂವರೆ ಗಂಟೆಗೆ ನೋಡಿ ಮುಗಿಸಿದರೂ ಉಳಿದ ಅರ್ಧ ಗಂಟೆ ಅಲ್ಲೇ ಕಾಯಬೇಕು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 7:50ಕ್ಕೆ, ಮುಳುಗುವುದು 4:45ಕ್ಕೆ. ಒಂಬತ್ತು ಗಂಟೆಯ ಬೆಳಕಿನಲ್ಲಿ ಮೂರು ಊರು ಸಮಾಧಾನವಾಗಿ ನೋಡಬಹುದು, ನಾಲ್ಕಾದರೆ ಬಿಗಿ. ಐದಕ್ಕೆ ಹೊರಟರೆ ದಿನವೆಲ್ಲ ಸ್ಟೇಷನ್ನುಗಳನ್ನೇ ನೋಡಿದಂತಾಗುತ್ತದೆ.

ಫ್ಲಾರೆನ್ಸ್‌ನಲ್ಲೇ ಉಳಕೊಂಡು ಹೋಗಿ ಬರಬಹುದಾ?

ಬರಬಹುದು, ಆದರೆ ಒಂದು ಕಡೆಗೇ ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಮೋಟು ಹಗಲಿನ ಅರ್ಧ ಅದಕ್ಕೇ ಹೋಗುತ್ತದೆ. ಪೀಸಾದಿಂದ ಲಾ ಸ್ಪೆತ್ಸಿಯಾಕ್ಕೆ ಒಂದು, ಒಂದೂಕಾಲು ಗಂಟೆ. ಅಲ್ಲಿಂದಾದರೆ ಒಂದು ದಿನ ಸರಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಿಂದಿನ ರಾತ್ರಿಯೇ ಲಾ ಸ್ಪೆತ್ಸಿಯಾ ಅಥವಾ ಲೆವಾಂತೊ ತಲುಪಿಬಿಡುವುದು. ಎರಡೂ ವರ್ಷವಿಡೀ ಜೀವಂತವಾಗಿರುವ ಪಟ್ಟಣಗಳು, ಚಳಿಗಾಲದಲ್ಲಿ ರೂಮು ಅಗ್ಗ, ರಾತ್ರಿ ಊಟವೂ ಸಿಗುತ್ತದೆ.

### ಟಿಕೆಟ್ ಮತ್ತು ರೈಲು

ಟಿಕೆಟ್ ತಿಂಗಳ ಮೊದಲೇ ಬುಕ್ ಮಾಡ್ಬೇಕಾ? ಸೀಟ್ ಸಿಗದೇ ಹೋದ್ರೆ?

ಬೇಕಿಲ್ಲ. ಈ ಊರುಗಳಲ್ಲಿ ನಿಲ್ಲುವುದು ರೆಜಿಯೊನಾಲೆ ಎಂಬ ಸ್ಥಳೀಯ ರೈಲು. ಅದಕ್ಕೆ ರಿಸರ್ವೇಶನ್ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ, ಇವತ್ತು ಕೊಂಡರೂ ಒಂದೇ ದರ. ಸೀಸನ್‌ನಲ್ಲಿ ಪಕ್ಕದ ಊರಿಗೆ ಹೋದರೂ ಕೊನೆಯ ಊರಿಗೆ ಹೋದರೂ ಒಂದೇ ದುಬಾರಿ ದರ ಇರುತ್ತದೆ. ಚಳಿಗಾಲದಲ್ಲಿ ದೂರಕ್ಕೆ ತಕ್ಕ ಸಾಮಾನ್ಯ ದರ, ಪಕ್ಕದ ಊರಿಗೆ ಎರಡು ಮೂರು ಯೂರೋ. 4 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12 ದಾಟದವರಿಗೆ ಅರ್ಧ.

ಮೆಷಿನ್ ಬಳಿ 'ನಾನು ತೆಗೆದುಕೊಡ್ತೀನಿ' ಅಂತ ಬರುವವರಿಗೆ ಬೇಡ ಎಂದು ಹೇಳಿ ಮುಂದೆ ಹೋಗಿ. ರೈಲ್ವೆ ಸಿಬ್ಬಂದಿ ಹಾಗೆ ತಾವಾಗಿಯೇ ಬಂದು ದುಡ್ಡು ಮುಟ್ಟುವುದಿಲ್ಲ.

ಚಿಂಕ್ವೆ ತೆರ್ರೆ ಟ್ರೇನ್ ಕಾರ್ಡ್ ತಗೊಂಡ್ರೆ ಲಾಭಾನಾ?

ಲಾ ಸ್ಪೆತ್ಸಿಯಾ ಮತ್ತು ಲೆವಾಂತೊ ನಡುವೆ ದಿನವಿಡೀ ಎಷ್ಟು ಸಲ ಬೇಕಾದರೂ ಓಡಾಡುವುದು, ಕಾಲುದಾರಿಗಳ ಶುಲ್ಕ, ಊರೊಳಗಿನ ಪುಟ್ಟ ಬಸ್ಸು, ಸ್ಟೇಷನ್ ಶೌಚಾಲಯ ಇಷ್ಟೂ ಆ ಕಾರ್ಡಿನಲ್ಲಿ ಸೇರಿವೆ. ಚಳಿಗಾಲದಲ್ಲಿ ಸಾಮಾನ್ಯವಾಗಿ ಕಾಲುದಾರಿಗೆ ಶುಲ್ಕವೇ ಇರುವುದಿಲ್ಲ, ರೈಲಿನ ದರವೂ ಇಳಿದಿರುತ್ತದೆ. ಎಷ್ಟು ಸಲ ಹತ್ತಿ ಇಳಿಯುತ್ತೀರೆಂದು ಎಣಿಸಿ, ಬಿಡಿ ಟಿಕೆಟ್‌ಗಳ ಮೊತ್ತವನ್ನು ಆ ದಿನದ ಕಾರ್ಡ್ ಬೆಲೆಯ ಪಕ್ಕ ಇಟ್ಟು ನೋಡಿ. ಮೂರು ಊರಿನವರಿಗೆ ಬಿಡಿ ಟಿಕೆಟ್ಟೇ ಅಗ್ಗವಾಗುವುದು ಹೆಚ್ಚು.

ಟಿಕೆಟ್ ಇದ್ದರೂ ದಂಡ ಹಾಕಿದ್ರು ಅಂತ ಕೇಳಿದ್ದೀವಿ. ಯಾಕೆ?

ಟಿಕೆಟ್ ಕೊಂಡ ಮಾತ್ರಕ್ಕೆ ಅದು ಚಾಲ್ತಿಗೆ ಬರುವುದಿಲ್ಲ, ಅದಕ್ಕೇ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಗೋಡೆಗೋ ಕಂಬಕ್ಕೋ ಹಾಕಿರುವ ಸಣ್ಣ ಮೆಷಿನ್ನಿನ ಸೀಳಿಗೆ ಅದರ ತುದಿ ತೂರಿಸಬೇಕು. ಕಟಕಟ ಸದ್ದು ಮಾಡಿ ದಿನಾಂಕ, ಸಮಯ ಅಚ್ಚಾಗುತ್ತದೆ. ಸದ್ದು ಬಂದರೆ ಸಾಲದು, ಅಚ್ಚು ಬಿದ್ದಿದೆಯೇ ಎಂದು ಟಿಕೆಟ್ ತಿರುಗಿಸಿ ನೋಡಿ. ಶಾಯಿ ಒಣಗಿದ ಮೆಷಿನ್ನುಗಳೂ ಇರುತ್ತವೆ. ಅಚ್ಚು ಬಿದ್ದ ಮೇಲೆ 4 ಗಂಟೆ ಚಾಲ್ತಿ. ಬೆಳಗ್ಗೆ ಕೊಂಡ ಐದು ಟಿಕೆಟ್‌ಗಳಿಗೆ ಒಟ್ಟಿಗೇ ಅಚ್ಚು ಹಾಕಿಸಿದರೆ ಮಧ್ಯಾಹ್ನದ ಹೊತ್ತಿಗೆ ಉಳಿದವು ಸತ್ತಿರುತ್ತವೆ. ಆಯಾ ಪ್ರಯಾಣಕ್ಕೆ ಆಯಾ ಹೊತ್ತಿಗೆ ಹಾಕಿಸಿ.

ಮೊಬೈಲ್ ಟಿಕೆಟ್ ಆದರೆ 'ಚೆಕ್-ಇನ್' ಒತ್ತಬೇಕೇ ಎಂದು ಹತ್ತುವ ಮೊದಲು ಆ್ಯಪ್‌ನಲ್ಲಿ ನೋಡಿಕೊಳ್ಳಿ. ಸುರಂಗದೊಳಗಿನ ಪ್ಲಾಟ್‌ಫಾರ್ಮ್‌ಗಳಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು, ಆದ್ದರಿಂದ ಸ್ಟೇಷನ್ ಬಾಗಿಲಲ್ಲೇ ಮುಗಿಸಿ. ಮೆಷಿನ್ ಕೆಟ್ಟಿದ್ದರೆ ಟಿಕೆಟ್ ಮೇಲೆ ಪೆನ್ನಿನಲ್ಲಿ ದಿನಾಂಕ, ಸಮಯ ಬರೆದು, ಹತ್ತಿದ ಕೂಡಲೇ ನೀವೇ ಕಂಡಕ್ಟರ್ ಬಳಿಗೆ ಹೋಗಿ ಹೇಳಿ. ಅವರು ನಿಮ್ಮ ಸೀಟಿನ ಬಳಿ ಬರುವವರೆಗೆ ಕಾದರೆ ಆ ಮಾತಿಗೆ ಬೆಲೆಯಿಲ್ಲ.

ನೆಟ್‌ನಲ್ಲಿ ನೋಡಿದ ಟೈಮಿಗೆ ರೈಲೇ ಇರಲ್ಲ ಅಂತಾರೆ, ಹೌದಾ?

ಅದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ವೇಳಾಪಟ್ಟಿಯಲ್ಲಿ ಎರಡು ಬಗೆಯ ದಿನಗಳಿವೆ. 'ಫೆರಿಯಾಲೆ' ಅಂದರೆ ಶನಿವಾರವೂ ಸೇರಿದ ಕೆಲಸದ ದಿನ, ಅದಕ್ಕೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಗುರುತು. 'ಫೆಸ್ತಿವೊ' ಅಂದರೆ ಭಾನುವಾರ ಮತ್ತು ಹಬ್ಬ, ಅದಕ್ಕೆ ಶಿಲುಬೆಯ ಗುರುತು. ಎರಡು, ಯುರೋಪಿನ ರೈಲು ವೇಳಾಪಟ್ಟಿ ಡಿಸೆಂಬರ್‌ನ ಎರಡನೇ ಭಾನುವಾರದ ಹೊತ್ತಿಗೆ ಬದಲಾಗುತ್ತದೆ, ಹಾಗಾಗಿ ನವೆಂಬರ್‌ನಲ್ಲಿ ಬರೆದಿಟ್ಟುಕೊಂಡ ಸಮಯ ಕ್ರಿಸ್‌ಮಸ್‌ಗೆ ಕೆಲಸಕ್ಕೆ ಬರುವುದಿಲ್ಲ. ಮೂರು, ಈ ಹಳಿಯ ಮೇಲೆ ಓಡುವ ಎಲ್ಲ ರೈಲೂ ಐದೂ ಊರಲ್ಲಿ ನಿಲ್ಲುವುದಿಲ್ಲ. ಇಂಟರ್‌ಸಿಟಿ ಮೊಂತೆರೊಸ್ಸೊದಲ್ಲಿ ಮಾತ್ರ ನಿಂತು ಉಳಿದ ನಾಲ್ಕನ್ನು ಸುರಂಗದಲ್ಲಿ ದಾಟಿಬಿಡುತ್ತದೆ.

ಸ್ಟೇಷನ್ ಗೋಡೆಯಲ್ಲಿ ಹಳದಿ ಹಾಳೆ ಅಂದರೆ ಹೊರಡುವ ರೈಲು, ಬಿಳಿ ಹಾಳೆ ಅಂದರೆ ಬರುವ ರೈಲು. ಹಳದಿ ಹಾಳೆಯಲ್ಲಿ ನಿಮ್ಮ ಊರಿನ ಹೆಸರು ಆ ಸಾಲಿನಲ್ಲಿ ಇದೆಯೇ ನೋಡಿಕೊಳ್ಳಿ. ಬೋರ್ಡಿನ ಮೇಲೆ 'ಬಿನಾರಿಯೊ' ಅಂದರೆ ಪ್ಲಾಟ್‌ಫಾರ್ಮ್, 'ರಿತಾರ್ದೊ' ಅಂದರೆ ತಡ, 'ಸೊಪ್ಪ್ರೆಸ್ಸೊ' ಅಂದರೆ ರದ್ದು. ಬೋರ್ಡಿನಲ್ಲಿ ಮಾತ್ರ ನಿಮ್ಮ ಊರಿನ ಹೆಸರನ್ನಲ್ಲ, ರೈಲಿನ ಕೊನೆಯ ನಿಲ್ದಾಣದ ಹೆಸರನ್ನು ಹುಡುಕಿ. ಲೆವಾಂತೊ, ಸೆಸ್ತ್ರಿ ಲೆವಾಂತೆ, ಜೆನೋವಾ ಎಂದಿದ್ದರೆ ಪಶ್ಚಿಮಕ್ಕೆ, ಲಾ ಸ್ಪೆತ್ಸಿಯಾ ಎಂದಿದ್ದರೆ ಪೂರ್ವಕ್ಕೆ.

ಸ್ಟೇಷನ್ ಸುರಂಗದೊಳಗೇ ಇದೆಯಂತೆ. ಇಳಿಯೋಕಾಗದೇ ಮುಂದಕ್ಕೆ ಹೋಗಿಬಿಟ್ರೆ?

ವೆರ್ನಾತ್ಸಾ, ರಿಯೊಮಜ್ಜೊರೆಗಳಲ್ಲಿ ಪ್ಲಾಟ್‌ಫಾರ್ಮ್‌ನ ಒಂದಷ್ಟು ಭಾಗ ಸುರಂಗದೊಳಗಿದೆ. ನಿಮ್ಮ ಡಬ್ಬಿ ಕತ್ತಲಲ್ಲಿ ನಿಂತಾಗ ಇನ್ನೂ ಸ್ಟೇಷನ್ ಬಂದಿಲ್ಲವೆಂದು ಕೂತೇ ಇದ್ದರೆ ರೈಲು ಹೊರಟುಬಿಡುತ್ತದೆ. ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಎದ್ದು ಬಾಗಿಲ ಬಳಿ ಹೋಗಿ. ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ತಪ್ಪಿಹೋದರೆ ಗಾಬರಿ ಬೇಡ, ಮುಂದಿನ ಊರು ಕೆಲವೇ ನಿಮಿಷ. ಆದರೆ ವಾಪಸ್ ರೈಲಿಗೆ ಕಾಯುವುದು ಮುಕ್ಕಾಲು ಗಂಟೆಯಾದರೂ ಆಗಬಹುದು. ಪ್ಲಾಟ್‌ಫಾರ್ಮ್‌ನಲ್ಲಿ ಹಳದಿ ಗೆರೆಯಿಂದ ಹಿಂದೆ ನಿಲ್ಲಿ. ನಿಲ್ಲದ ರೈಲು ಸುರಂಗದಿಂದ ನುಗ್ಗುವಾಗ ಅದರ ಗಾಳಿಯೇ ಮನುಷ್ಯರನ್ನು ಅಲ್ಲಾಡಿಸುತ್ತದೆ. ಮಕ್ಕಳ ಕೈ ಬಿಡಬೇಡಿ.

### ಊರೊಳಗೆ

ಗಂಟೆ ಲೆಕ್ಕದಲ್ಲಿ ಒಂದು ದಿನದ ಪ್ಲಾನ್ ಕೊಡಿ.

ಲಾ ಸ್ಪೆತ್ಸಿಯಾದಿಂದ ಎಂಟರ ಸುಮಾರಿಗೆ ಹೊರಡಿ, ಮೊದಲು ತುದಿಯ ಮೊಂತೆರೊಸ್ಸೊಗೇ ಹೋಗಿ, ಆಮೇಲೆ ಒಂದೊಂದೇ ಊರು ಇಳಿಯುತ್ತಾ ಹಿಂದಕ್ಕೆ ಬನ್ನಿ. ಸಂಜೆ ಸುಸ್ತಾದಾಗ ರೂಮು ಹತ್ತಿರವಾಗಿರುತ್ತದೆ. ಹೀಗೆ ಹಿಂದಕ್ಕೆ ಬರುವಾಗ ಸಮುದ್ರ ಬಲಗಡೆ ಸಿಗುತ್ತದೆ. ಬಹುಪಾಲು ಸುರಂಗವೇ, ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಬಂದು ಹೋಗುತ್ತದೆ.

ಮೊಂತೆರೊಸ್ಸೊದ ಸ್ಟೇಷನ್ ಇರುವುದು ಫೆಜೀನಾ ಎಂಬ ಹೊಸ ಭಾಗದಲ್ಲಿ. ಸಮುದ್ರದಂಡೆಯಲ್ಲಿ ನಡೆದು ಸುರಂಗ ದಾಟಿದರೆ ಹತ್ತು ನಿಮಿಷಕ್ಕೆ ಹಳೆ ಊರು, ಕಪ್ಪು ಬಿಳಿ ಪಟ್ಟೆಯ ಸಂತ ಜೊವಾನ್ನಿ ಚರ್ಚು. ಇಲ್ಲಿಗೆ ಎರಡು ಗಂಟೆ ಇಡಿ, ತಿಂಡಿಯೂ ಇಲ್ಲೇ ಆಗಲಿ. ನಂತರ ವೆರ್ನಾತ್ಸಾಕ್ಕೆ ಎರಡು ಗಂಟೆ. ಬಂದರಿನ ನೀರಿಗೆ ಹೊಂದಿಕೊಂಡೇ ನಿಂತ ಸಂತ ಮಾರ್ಗೆರೀತಾ ಚರ್ಚಿನೊಳಗೆ ಅಲೆಯ ಸದ್ದು ಕೇಳಿಸುತ್ತದೆ. ಕೊರ್ನಿಲ್ಯಾ ಬೇಕೆನ್ನುವವರು ಇಲ್ಲಿ ಒಂದು ಗಂಟೆ ಕಡಿಮೆ ಮಾಡಿಕೊಳ್ಳಲಿ. ಕೊನೆಗೆ ಮನಾರೊಲಾ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಅಲ್ಲಿರಬೇಕು. ಬಂದರಿನಿಂದ ಬಲಕ್ಕೆ ಬಂಡೆಯಂಚಿನ ದಾರಿಯಲ್ಲಿ ಐದಾರು ನಿಮಿಷ ನಡೆದರೆ ಪುಂತಾ ಬೊನ್ಫೀಲ್ಯೊ. ತಿರುಗಿ ನೋಡಿದರೆ ಊರಿಗೆ ಊರೇ ಸಂಜೆ ಬಿಸಿಲಿಗೆ ಮುಖ ಮಾಡಿ ನಿಂತಿರುತ್ತದೆ. ರಿಯೊಮಜ್ಜೊರೆಯನ್ನು ಈ ದಿನ ಬಿಟ್ಟುಬಿಡಿ.

ಕೊರ್ನಿಲ್ಯಾದಲ್ಲಿ ಮೆಟ್ಟಿಲು ಜಾಸ್ತಿಯಂತೆ. ಅಮ್ಮನಿಗೆ ಮಂಡಿ ನೋವು, ಆಗುತ್ತಾ?

ಐದರಲ್ಲಿ ಕೊರ್ನಿಲ್ಯಾ ಒಂದೇ ಸಮುದ್ರಮಟ್ಟದಲ್ಲಿಲ್ಲ, ಸುಮಾರು 100 ಮೀಟರ್ ಮೇಲಿದೆ. ಸ್ಟೇಷನ್ನಿನಿಂದ ಲಾರ್ದರೀನಾ ಎಂಬ ಇಟ್ಟಿಗೆಯ ಮೆಟ್ಟಿಲ ಸಾಲು: 33 ತಿರುವು, 382 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಮಂಡಿ ನೋವಿರುವವರು ಮೆಟ್ಟಿಲು ಬಿಟ್ಟು ಸ್ಟೇಷನ್ ಎದುರಿನ ಪುಟ್ಟ ಬಸ್ಸು ಹಿಡಿಯಲಿ. ಚಳಿಗಾಲದಲ್ಲಿ ಬಸ್ಸೂ ವಿರಳ, ಸ್ಟಾಪಿನಲ್ಲಿ ಹಾಕಿರುವ ಸಮಯ ನೋಡಿ, ಇಳಿಯುವ ಬಸ್ಸಿನ ಹೊತ್ತನ್ನೂ ಆಗಲೇ ಬರೆದುಕೊಳ್ಳಿ. ಅಮ್ಮನವರಿಗೆ ನಿಜವಾಗಿ ಹೇಳಿಮಾಡಿಸಿದ್ದು ಮೊಂತೆರೊಸ್ಸೊ. ಐದರಲ್ಲಿ ಅದೇ ಹೆಚ್ಚು ಸಮತಟ್ಟು, ದಂಡೆಯುದ್ದಕ್ಕೂ ಕೂರಲು ಬೆಂಚುಗಳಿವೆ.

ನಾವು ಶುದ್ಧ ಸಸ್ಯಾಹಾರಿಗಳು. ಮಧ್ಯಾಹ್ನಕ್ಕೆ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಹೊತ್ತು ಮೀರಬಾರದು. ತೆರೆದಿರುವ ನಾಲ್ಕಾರು ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳಕ್ಕೆ. 'ಕ್ಯೂಸೊ ಪೆರ್ ಫೆರಿಯೆ' ಎಂಬ ಚೀಟಿ ಅಂಟಿಸಿದ್ದರೆ ರಜೆ ಎಂದರ್ಥ. ಹನ್ನೆರಡೂವರೆಗೆಲ್ಲ ಎಲ್ಲಾದರೂ ಕೂತುಬಿಡಿ.

ನಮ್ಮವರಿಗೆ ಬಲು ಹಿಡಿಸುವುದು ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ. ತೆಳುವಾಗಿ ಕದಡಿ ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರಬ್ಬರ್. ಫೊಕಾಚ್ಚಾ ರೊಟ್ಟಿ ಎಲ್ಲ ಊರಲ್ಲೂ ಬೇಕರಿಯಲ್ಲಿ ತೂಕಕ್ಕೆ ಸಿಗುತ್ತದೆ. ಬರೀ ಎಣ್ಣೆ, ಉಪ್ಪಿನದು ಅಥವಾ ಈರುಳ್ಳಿಯದು ಕೇಳಿ.

ಪೆಸ್ತೊ ಹಚ್ಚಿದ ಪಾಸ್ತಾದಲ್ಲಿ ತುಳಸಿಯ ಜಾತಿಯ ಎಲೆ, ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಜೊತೆ ಪಾರ್ಮೆಸಾನ್ ಚೀಸೂ ಇರುತ್ತದೆ. ಆ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ ಹೆಪ್ಪು ಹಾಕುತ್ತಾರೆ. ಅದು ಆಗದವರು 'ಸೆನ್ತ್ಸಾ ಫೊರ್ಮಾಜ್ಜೊ' ಎನ್ನಲಿ. ಮೊಂತೆರೊಸ್ಸೊ ಅಚ್ಚೂಗಾ ಎಂಬ ಪುಟ್ಟ ಮೀನಿಗೆ ಹೆಸರಾದ ಊರು, ತರಕಾರಿ ತಿನಿಸಿಗೂ ಅದನ್ನು ಹಾಕಿಬಿಡುತ್ತಾರೆ. 'ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶ್ಶೆ, ಸೆನ್ತ್ಸಾ ಅಚ್ಚೂಗೆ' ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಬರೀ ಮಾಂಸ ಬೇಡ ಎಂದರೆ ಮೀನು ಬರುತ್ತದೆ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಸೇರಿಸುವುದು ಅಲ್ಲಿನ ಪದ್ಧತಿ, ಮೋಸವಲ್ಲ.

ಲಗೇಜ್ ಎಲ್ಲಿ ಇಡೋದು? ಶೌಚಾಲಯ?

ಲಗೇಜನ್ನು ಲಾ ಸ್ಪೆತ್ಸಿಯಾ ಸ್ಟೇಷನ್ನಿನ ಲಗೇಜ್ ಕೊಠಡಿಯಲ್ಲಿ ಅಥವಾ ರೂಮಿನಲ್ಲೇ ಬಿಡಿ. ಊರುಗಳಲ್ಲೆಲ್ಲ ಕಲ್ಲುಹಾಸು, ಮೆಟ್ಟಿಲು. ಸ್ಟೇಷನ್ ಶೌಚಾಲಯಕ್ಕೆ ಚಿಲ್ಲರೆ ಬೇಕು. ಅದು ಮುಚ್ಚಿದ್ದರೆ ಯಾವುದಾದರೂ ಬಾರಿಗೆ ಹೋಗಿ ಒಂದು ಕಾಫಿ ಕುಡಿದು ಕೇಳಿ. ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿಯೇ, ಹೆಂಗಸರು, ಮಕ್ಕಳು ಎಲ್ಲರೂ ಹೋಗುತ್ತಾರೆ. ಕೌಂಟರ್ ಬಳಿ ನಿಂತು ಕುಡಿದರೆ ಅಗ್ಗ.

### ಇನ್ನೂ ಮುಂದಕ್ಕೆ

ಊರಿಂದ ಊರಿಗೆ ನಡೆದೇ ಹೋಗಬೇಕು ಅಂತ ಆಸೆ. ಚಳಿಗಾಲದಲ್ಲಿ ದಾರಿ ತೆರೆದಿರುತ್ತಾ?

ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಸುಮಾರು ಮೂರೂವರೆ ಕಿ.ಮೀ., ಎರಡು ಗಂಟೆ. ವೆರ್ನಾತ್ಸಾದಿಂದ ಕೊರ್ನಿಲ್ಯಾಕ್ಕೂ ಹೆಚ್ಚೂಕಮ್ಮಿ ಅಷ್ಟೇ ದೂರ, ಸ್ವಲ್ಪ ಸುಲಭ. ಕೊರ್ನಿಲ್ಯಾದಿಂದ ಮನಾರೊಲಾಕ್ಕೆ ಕರಾವಳಿಯ ದಾರಿ ವರ್ಷಗಳಿಂದ ಕುಸಿದು ಮುಚ್ಚಿದೆ. ಬೆಟ್ಟದ ಮೇಲಿನ ವೊಲಾಸ್ತ್ರಾ ಊರನ್ನು ಸುತ್ತಿ ಇಳಿಯಬೇಕು. ಒಂದು ದಿನದಲ್ಲಿ ಇವುಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಿ. ಮಳೆ ಬಂದ ಮರುದಿನ ಕಲ್ಲುಗಳು ಜಾರುತ್ತವೆ, ಇಳಿಯುವಾಗಲೇ ಬೀಳುವುದು ಹೆಚ್ಚು. ಚಪ್ಪಲಿ, ನುಣುಪು ತಳದ ಶೂ ಹಾಕಿ ಈ ದಾರಿಗಿಳಿದರೆ ಉದ್ಯಾನದ ನಿಯಮದಂತೆ ದಂಡವಿದೆ. ಕತ್ತಲಾಗುವುದಕ್ಕೆ ಮೂರು ಗಂಟೆ ಇದ್ದರೆ ಮಾತ್ರ ಹೊರಡಿ.

ಹೋಗುವಾಗ ಪಕ್ಕದ ಗೋಡೆಗಳನ್ನು ನಿಂತು ನೋಡಿ. ಗಾರೆಯಿಲ್ಲ, ಸಿಮೆಂಟಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಮುಂದೆ ದೊಡ್ಡ ಕಲ್ಲು, ಹಿಂದೆ ಸಣ್ಣ ಚೂರುಗಳ ಭರ್ತಿ. ಮಳೆನೀರು ಆ ಸಂದುಗಳಲ್ಲಿ ಸೋರಿ ಹೋಗಲೆಂದೇ ಹಾಗೆ ಕಟ್ಟಿದ್ದಾರೆ. ಭರ್ತಿಯಲ್ಲಿ ಮಣ್ಣು ತುಂಬಿಕೊಂಡರೆ ನೀರು ಒಳಗೇ ನಿಂತು ಗೋಡೆ ಹೊಟ್ಟೆ ಬಿಡುತ್ತದೆ, ಮುಂದಿನ ಮಳೆಗೆ ಕುಸಿಯುತ್ತದೆ. ದ್ರಾಕ್ಷಿ ಎಲೆಯೆಲ್ಲ ಉದುರಿದ ಚಳಿಗಾಲದಲ್ಲೇ ಈ ಮೆಟ್ಟಿಲು ಹೊಲಗಳ ಮೈಕಟ್ಟು ಸರಿಯಾಗಿ ಕಾಣುವುದು. ಹೊಟ್ಟೆ ಬಿಟ್ಟ ಗೋಡೆಯ ಮೇಲೆ ಹತ್ತಬೇಡಿ, ಕೂರಬೇಡಿ. ಒಂದು ಕಲ್ಲು ಉರುಳಿದರೆ ಅದನ್ನು ಹೊತ್ತು ತಂದು ಕೂರಿಸಬೇಕಾದವರು ಅಲ್ಲಿನ ವಯಸ್ಸಾದ ರೈತರು.

'ಪ್ರೇಮದ ಹಾದಿ' ತೆರೆದಿದೆಯಾ?

ರಿಯೊಮಜ್ಜೊರೆ ಮತ್ತು ಮನಾರೊಲಾ ನಡುವಿನ ವಿಯಾ ದೆಲ್ಲಾಮೋರೆ ಒಂದು ಕಿ.ಮೀ.ಗಿಂತ ಸ್ವಲ್ಪ ಕಡಿಮೆ, ಪೂರ್ತಿ ಸಮತಟ್ಟು. 2012ರ ಸೆಪ್ಟೆಂಬರ್‌ನಲ್ಲಿ ಬಂಡೆ ಕುಸಿದು ಪ್ರವಾಸಿಗರಿಗೆ ಗಾಯವಾದ ಮೇಲೆ ಮುಚ್ಚಿದ್ದು, 2024ರ ಬೇಸಿಗೆಯಲ್ಲಿ ಮತ್ತೆ ತೆರೆಯಿತು. ಪ್ರತ್ಯೇಕ ಶುಲ್ಕವಿದೆ, ಸಮಯ ಕಾದಿರಿಸಿಕೊಂಡು ಹೋಗಬೇಕು. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ, ಹಾಗಾಗಿ ಹಿಂದಿನ ದಿನವೇ ಉದ್ಯಾನದ ಜಾಲತಾಣ ನೋಡಿ.

ರೈಲ್ವೆ ಮುಷ್ಕರ ಬಿದ್ರೆ ಸಿಕ್ಕಿಹಾಕಿಕೊಳ್ತೀವಾ?

'ಶೋಪೆರೊ' ಎಂಬ ಮುಷ್ಕರ ಇಟಲಿಯಲ್ಲಿ ಹೊಸದಲ್ಲ, ಆದರೆ ಅದು ಹೇಳದೇ ಕೇಳದೇ ಬರುವುದಿಲ್ಲ. ಕಾನೂನಿನ ಪ್ರಕಾರ ಮೊದಲೇ ಸೂಚನೆ ಕೊಡಬೇಕು. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಖಾತರಿಯ ರೈಲುಗಳು ಓಡುತ್ತವೆ. ಮುಷ್ಕರದ ದಿನವೇ ಹೋಗಬೇಕಾಗಿ ಬಂದರೆ ಒಂಬತ್ತರೊಳಗೆ ಒಂದು ಊರು ಸೇರಿ, ಸಂಜೆ ಆರರ ಮೇಲೆ ವಾಪಸ್ ಬನ್ನಿ. ಭಾನುವಾರ ಮತ್ತು ಹಬ್ಬದ ದಿನ ಈ ಖಾತರಿ ಇಲ್ಲ.

ಹವಾಮಾನ ಅಲರ್ಟ್ ಬಂದಿದೆ, ಹೋಗೋದಾ ಬೇಡ್ವಾ?

ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಹಂತ. ಹಳದಿಯಿದ್ದರೆ ಊರು ನೋಡಬಹುದು, ಕಾಲುದಾರಿಯ ಸ್ಥಿತಿ ಕೇಳಿಕೊಳ್ಳಿ. ಕಿತ್ತಳೆ, ಕೆಂಪು ಬಂದರೆ ಕಾಲುದಾರಿಗಳನ್ನು ಮುಚ್ಚುತ್ತಾರೆ. ಆ ದಿನ ಲಾ ಸ್ಪೆತ್ಸಿಯಾದಲ್ಲೇ ಇದ್ದುಬಿಡಿ. ಈ ಊರುಗಳ ಮುಖ್ಯ ಬೀದಿಯ ಕೆಳಗೇ ಹಳ್ಳ ಹರಿಯುತ್ತದೆ, 2011ರಲ್ಲಿ ನೀರು ಕೆಸರು ನುಗ್ಗಿದ್ದು ಆ ಬೀದಿಗಳಲ್ಲೇ.

ಬಿಸಿಲಿದ್ದರೂ ನೈಋತ್ಯದ ಲಿಬೆಚ್ಚೊ ಗಾಳಿ ಎದ್ದರೆ ಅಲೆ ದೊಡ್ಡದು. ಐದಾರು ಸಣ್ಣ ಅಲೆ ಬಂದು ಹೋದ ಮೇಲೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಕಟ್ಟೆ ಹಾರಿ ಬರುತ್ತದೆ. ನೆಲ ನೋಡಿ: ಒಣಗಿದ ಕಲ್ಲು ಬೂದುಬಣ್ಣ, ಒದ್ದೆ ಕಲ್ಲು ಕಪ್ಪು. ಆ ಕಪ್ಪು ಶುರುವಾಗುವ ಗೆರೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿ, ಫೋಟೋಗೆಂದೂ ದಾಟಬೇಡಿ.

ಮನಾರೊಲಾದ ಬೆಟ್ಟದ ಮೇಲಿನ ದೀಪದ ಗೊಂಬೆಗಳು ಯಾವಾಗ?

ಡಿಸೆಂಬರ್ 8ರ ಸಂಜೆ ಹಚ್ಚಿ ಜನವರಿ ಕೊನೆಯವರೆಗೆ ಇಡುತ್ತಾರೆ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮಾರಿಯೊ ಆಂದ್ರಿಯೋಲಿ ಬಿಸಾಡಿದ ವಸ್ತುಗಳಿಂದ ಕ್ರಿಸ್ತ ಜನನದ ನೂರಾರು ಆಕೃತಿಗಳನ್ನು ಮಾಡಿ, ದ್ರಾಕ್ಷಿ ಹೊಲದ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಸಾವಿರಾರು ಬಲ್ಬು ಕಟ್ಟಿದರು. ಅವರು 2022ರಲ್ಲಿ ತೀರಿಕೊಂಡರು. ಮೊದಲ ಸಂಜೆ ಜನಜಂಗುಳಿ, ಜನವರಿಯ ವಾರದ ದಿನ ಹೋದರೆ ಸಮಾಧಾನ. ಕತ್ತಲಾದ ಮೇಲೆ ಎಷ್ಟು ಹೊತ್ತು ನಿಲ್ಲಬಹುದೆಂದು ನಿಮ್ಮ ವಾಪಸ್ ರೈಲಿನ ಸಮಯ ನೋಡಿ ಮೊದಲೇ ಗೊತ್ತುಮಾಡಿಕೊಳ್ಳಿ. ರಾತ್ರಿಯಾದಂತೆ ರೈಲುಗಳ ನಡುವಿನ ಅಂತರ ಇನ್ನೂ ಹೆಚ್ಚುತ್ತದೆ.

ಇನ್ನೂ ಅರ್ಧ ದಿನ ಇದೆ, ಹತ್ತಿರದಲ್ಲಿ ಬೇರೆ ಏನಿದೆ?

ಲೆವಾಂತೊದಿಂದ ಬೊನಸ್ಸೊಲಾ, ಅಲ್ಲಿಂದ ಫ್ರಾಮುರಾವರೆಗೆ ಹಳೆಯ ರೈಲು ಹಳಿ ಇದ್ದ ಜಾಗವನ್ನೇ ನಡಿಗೆ ಮತ್ತು ಸೈಕಲ್ ದಾರಿ ಮಾಡಿದ್ದಾರೆ. ಐದು ಕಿ.ಮೀ. ಆಸುಪಾಸು, ದಾರಿ ಸಮತಟ್ಟು, ಸುರಂಗಗಳಲ್ಲಿ ದೀಪವಿದೆ. ಮಳೆ ಹನಿಯುತ್ತಿದ್ದರೂ ನಡೆಯಬಹುದು. ಸುರಂಗದೊಳಗೆ ತಣ್ಣಗಿರುತ್ತದೆ, ಸ್ವೆಟರ್ ತೆಗೆಯಬೇಡಿ. ಫ್ರಾಮುರಾದಿಂದ ರೈಲಿನಲ್ಲಿ ಹಿಂದಿರುಗುವಾಗ ಆ ರೈಲು ನಿಮ್ಮ ಊರಿನಲ್ಲಿ ನಿಲ್ಲುತ್ತದೆಯೇ ಎಂದು ಹಳದಿ ಹಾಳೆಯಲ್ಲಿ ನೋಡಿ ಹತ್ತಿ.